ಸೈಕಲ್ ಪಥ ಕಡಲತೀರಕ್ಕೋ, ಸೇತುವೆಗೋ?

ಪ್ರಶ್ನೆ: ಕಾರವಾರವನ್ನು ಸೈಕಲ್‌ಸ್ನೇಹಿ ನಗರವನ್ನಾಗಿ ಮಾಡಿದರೆ ಸಾಮಾನ್ಯರಿಗೆ ಪ್ರಯೋಜನವಿದೆಯೇ ಅಥವಾ ಬೆಳಗಿನ ವ್ಯಾಯಾಮಕ್ಕೆ ಬರುವವರಿಗಷ್ಟೇ ಅನುಕೂಲವೇ?
– ಓದುಗರೊಬ್ಬರು, ಸದಾಶಿವಗಡ

ಉತ್ತರ: ಪ್ರಯೋಜನವಿದೆ, ಅದು ಯಾರ ಪಾಲಾಗುತ್ತದೆ ಎಂಬುದು ಮಾತ್ರ ಪಥವನ್ನು ಎಲ್ಲಿ ಹಾಕುತ್ತೇವೆ ಎಂಬುದನ್ನು ಅವಲಂಬಿಸಿದೆ. ಕಡಲಿಗೂ ಗುಡ್ಡಕ್ಕೂ ನಡುವೆ ಹಬ್ಬಿರುವ ಕಾರವಾರದ ಪೇಟೆ ಬಹುಮಟ್ಟಿಗೆ ಸಪಾಟಾಗಿರುವುದರಿಂದ, ಏರಿಳಿತದ ಶಿರಸಿಯಲ್ಲಿ ಏದುಸಿರು ಬಿಡಿಸುವ ಗೇರಿಲ್ಲದ ಹಳೆಯ ಸೈಕಲ್ಲೂ ಇಲ್ಲಿ ನಾಲ್ಕು ಕಿಲೋಮೀಟರ್ ದೂರವನ್ನು ಇಪ್ಪತ್ತು ನಿಮಿಷದೊಳಗೆ ಮುಟ್ಟಿಸುತ್ತದೆ. ದಿನಗೂಲಿಯವರಿಗೆ ಪೆಟ್ರೋಲಿನ ಹಣ ಉಳಿಯುವುದು ಸಣ್ಣ ಮಾತಲ್ಲ.

ಈಗಾಗಲೇ ಸೈಕಲ್ ತುಳಿಯುತ್ತಿರುವವರನ್ನು ಗಮನಿಸಿ: ಊಟದ ಡಬ್ಬಿಯನ್ನು ಹ್ಯಾಂಡಲಿಗೆ ತೂಗುಹಾಕಿಕೊಂಡ ಗಾರೆ ಕೆಲಸದವರು, ರಾತ್ರಿ ಪಾಳಿ ಮುಗಿಸಿದ ಕಾವಲುಗಾರರು. ಇವರಿಗೆ ಪಥ ಬೇಕಿರುವುದು ಟ್ಯಾಗೋರ್ ಕಡಲತೀರದಲ್ಲಲ್ಲ, ಬೈತಖೋಲದ ಬಂದರಿನ ದಾರಿಯಲ್ಲಿ, ಕೋಡಿಬಾಗದಲ್ಲಿ, ಕಾರವಾರವನ್ನು ನಿಮ್ಮ ಸದಾಶಿವಗಡಕ್ಕೆ ಜೋಡಿಸುವ ಕಾಳಿ ನದಿಯ ಸೇತುವೆಯ ಮೇಲೆ. 2024ರ ಆಗಸ್ಟ್ 7ರಂದು ಹಳೆಯ ಸೇತುವೆ ಕುಸಿದ ಬಳಿಕ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯನ್ನೇ ಹಂಚಿಕೊಂಡಾಗ, ಲಾರಿಯ ಪಕ್ಕದಲ್ಲಿ ಅಂಚು ಹಿಡಿದು ಸಾಗುವುದೆಂದರೆ ಏನೆಂದು ನಿಮ್ಮೂರಿನವರಿಗೆ ನಾನು ವಿವರಿಸಬೇಕಾಗಿಲ್ಲ. ಅಂಥ ಕಡೆ ಬಣ್ಣದ ಗೆರೆ ಎಳೆದರೆ ಸಾಲದು. ಎತ್ತರಿಸಿದ ಅಂಚುಗಲ್ಲು ಬೇಕು.

ಬಾಡಿಗೆ ಸೈಕಲ್ಲುಗಳನ್ನು ತಂದರೂ ತೊಡಕು ತಪ್ಪದು. 2017ರಲ್ಲಿ ಮೈಸೂರಿನಲ್ಲಿ ಶುರುವಾದ ‘ಟ್ರಿಣ್ ಟ್ರಿಣ್’ ಮಾದರಿಯನ್ನೇ ಇಲ್ಲಿಗೆ ತರುವುದಾದರೆ, ಮುಂಗಡ ಹಣವಾಗಲಿ ಸ್ಮಾರ್ಟ್‌ಫೋನ್ ಆಗಲಿ ಇಲ್ಲದವರಿಗೂ ಸೈಕಲ್ ಸಿಗುವ ದಾರಿಯನ್ನು ಮೊದಲು ಯೋಚಿಸಬೇಕು. ಉಪ್ಪುಗಾಳಿಗೆ ಚೈನು ಬೇಗ ತುಕ್ಕು ಹಿಡಿಯುವ ಊರಿದು; ಎಣ್ಣೆ ಬಿಡುವವರಿಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಸೈಕಲ್ಲು ಗುಜರಿಗೆ ಹೋದೀತು.

ಮಹಿಳೆಯರ ವಿಷಯ ಇನ್ನೂ ಸೂಕ್ಷ್ಮವಾದುದು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸಿಗೆ ಸೈಕಲ್ ಪಥದಿಂದ ಏನೂ ಸಿಗದು. ಆಕೆಗೆ ಬೇಕಾದದ್ದು ಬುಟ್ಟಿ ಹತ್ತಿಸಿಕೊಳ್ಳುವ ಬಸ್ಸು. ಪಥಕ್ಕೆಂದು ಆಕೆ ಕುಳಿತು ಮಾರುವ ಜಾಗವನ್ನು ಕಸಿದುಕೊಂಡರಂತೂ ಅನ್ಯಾಯವೇ ಸರಿ. ಬೀದಿಬದಿ ವ್ಯಾಪಾರಿಗಳ ಹಕ್ಕಿಗೆ 2014ರ ಕಾಯ್ದೆಯ ಬೆಂಬಲವಿದೆ. ಶಾಲೆ ಬಿಟ್ಟು ಸಂಜೆ ಟ್ಯೂಷನ್‌ಗೆ ಹೋಗುವ ಹುಡುಗಿಯರಿಗಾದರೆ ಪಥದಷ್ಟೇ ಬೀದಿದೀಪವೂ ಮುಖ್ಯ.

ಹಾಗಾಗಿ ನಗರಸಭೆಗೆ ಮನವಿ ಕೊಡುವ ಮುನ್ನ ನೀವು ನಾಲ್ಕು ಜನ ಸೇರಿ ಒಂದು ವಾರ, ಬೆಳಿಗ್ಗೆ ಆರರಿಂದ ಎಂಟರವರೆಗೆ ಕಾಳಿ ಸೇತುವೆಯ ಬುಡದಲ್ಲಿ ನಿಂತು, ದಾಟುವ ಸೈಕಲ್ಲುಗಳನ್ನು ಎಣಿಸಿ, ಅವರು ಎಲ್ಲಿಗೆ ಹೊರಟಿದ್ದಾರೆಂದು ಕೇಳಿ ಬರೆದುಕೊಳ್ಳಿ. ಆ ಪಟ್ಟಿಯನ್ನೇ ಮನವಿಗೆ ಲಗತ್ತಿಸಿ.