ಅಮೆರಿಕದ ಕಪ್ಪು ವರ್ಣೀಯರ ಫ್ರಟರ್ನಿಟಿಗಳಲ್ಲಿ, ಅಂದರೆ ಕಾಲೇಜು ಹುಡುಗರ ಸೋದರ ಸಂಘಗಳಲ್ಲಿ, ‘ಸ್ಟೆಪ್ಪಿಂಗ್’ ಕುಣಿತಕ್ಕೆ ಯಾಕೆ ಅಷ್ಟು ಬೆಲೆ?

ಯಾಕಂದ್ರೆ ಅದರ ತಾಳವನ್ನು ಇಡೀ ತಂಡ ಸೇರಿ ಹುಟ್ಟಿಸಬೇಕು. ಮೂಲ ಶೈಲಿಯಲ್ಲಿ ಹಿನ್ನೆಲೆ ಸಂಗೀತವೇ ಇರುವುದಿಲ್ಲ. ನೆಲಕ್ಕೆ ಬೂಟಿನ ಹೊಡೆತ, ಚಪ್ಪಾಳೆ, ತೊಡೆಗೆ ಬೀಳುವ ಏಟು, ಕೂಗು, ಇಷ್ಟೇ. ಒಬ್ಬ ಬಿಟ್ಟ ಸಂದಿಯಲ್ಲಿ ಇನ್ನೊಬ್ಬನ ಪೆಟ್ಟು ಬೀಳುತ್ತದೆ. ಒಬ್ಬ ಸ್ವಲ್ಪ ತಡಮಾಡಿದರೂ ಎಲ್ಲರ ತಾಳ ಕೆಡುತ್ತದೆ, ಮುಚ್ಚಿಕೊಳ್ಳಲು ಹಾಡೂ ಇಲ್ಲ ಅಲ್ವಾ! ಪಕ್ಕದವನನ್ನು ನಂಬದೆ ಇದು ಸಾಧ್ಯವಿಲ್ಲ.

ಬಿಳಿಯರ ಸಂಘಗಳು ಕಪ್ಪು ವಿದ್ಯಾರ್ಥಿಗಳನ್ನು ಹೊರಗಿಟ್ಟಿದ್ದ ಕಾಲದಲ್ಲಿ, 1906ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಫೈ ಆಲ್ಫಾ ಶುರುವಾಯಿತು. ಮುಂದೆ ಇಂಥ ಸಂಘಗಳು ಹೆಚ್ಚಿದಂತೆ, ‘ನಾವು ಯಾರು’ ಅಂತ ತೋರಿಸಲು ಪ್ರತಿಯೊಂದೂ ತನ್ನದೇ ಸ್ಟೆಪ್ ಬೆಳೆಸಿಕೊಂಡಿತು. ಕ್ಯಾಪಾ ಆಲ್ಫಾ ಸೈನವರ ಗುರುತು ಕೈಕೋಲು. ಅದನ್ನು ಬೆರಳಲ್ಲಿ ತಿರುಗಿಸುತ್ತಾರೆ, ನೆಲಕ್ಕೆ ಕುಟ್ಟುತ್ತಾರೆ, ತಾಳ ತಪ್ಪದ ಹಾಗೆ ಒಬ್ಬರಿಗೊಬ್ಬರು ಎಸೆಯುತ್ತಾರೆ.

ಸ್ಪರ್ಧೆಯಲ್ಲಿ ಜಾಸ್ತಿ ಮಜಾ ಕೊಡುವುದು ಕಾಲೆಳೆಯುವ ಆಟ. ಎದುರಾಳಿ ಸಂಘದ ಸ್ಟೆಪ್ಪನ್ನು ಅಣಕಿಸಿದರೆ ‘ಕ್ರ್ಯಾಕಿಂಗ್’, ಗೌರವದಿಂದ ಮಾಡಿ ತೋರಿಸಿದರೆ ‘ಸಲ್ಯೂಟಿಂಗ್’.