ಗ್ಯಾರೇಜ್ ಕಟ್ಟೆ: ಉಪ್ಪಿನ ಮೇಲೆ ಓಡುವ ಗಾಲಿ

ಪ್ರಶ್ನೆ: ನನ್ನ ಮಗ ಡಿಪ್ಲೊಮಾ ಎರಡನೇ ವರ್ಷ. ಊಟಕ್ಕೆ ಕೂತರೂ ಮೊಬೈಲಿನಲ್ಲಿ ಬಿಳೀ ಬಯಲ ಮೇಲೆ ಓಡುವ ಪೆನ್ಸಿಲಿನಂಥ ಕಾರುಗಳನ್ನೇ ನೋಡುತ್ತಾನೆ. ಅದೆಲ್ಲ ಉಪ್ಪಂತೆ. ಒಳ್ಳೆ ಟಾರು ರಸ್ತೆ ಬಿಟ್ಟು ಉಪ್ಪಿನ ಮೇಲೆ ಯಾಕೆ ಓಡಿಸುತ್ತಾರೆ? ಜಾರುವುದಿಲ್ಲವಾ?
— ಒಬ್ಬ ತಾಯಿ, ಮುಲುಂಡ್ ಪೂರ್ವ

ಉತ್ತರ: ಜಾರುತ್ತದೆ ಅಕ್ಕಾ, ಚೆನ್ನಾಗಿಯೇ ಜಾರುತ್ತದೆ. ಆದರೂ ಅಲ್ಲಿಗೇ ಹೋಗುತ್ತಾರೆ.

ನಾವು ಗೋಕರ್ಣದ ಹತ್ತಿರ, ಸಾಣಿಕಟ್ಟೆ ಕಡೆಯವರು. ಅಪ್ಪ ಉಪ್ಪಿನ ಆಗರದಲ್ಲಿ ದುಡಿದವರು. ಉಪ್ಪು ಬರುವ ಮೊದಲು ಮಣ್ಣಿನ ನೆಲವನ್ನು ಕಾಲಿನಿಂದ ತುಳಿದು ತುಳಿದು ಸಮ ಮಾಡಬೇಕು. ಎಲ್ಲಾದರೂ ಒಂದು ಬೆರಳು ತಗ್ಗಿದ್ದರೆ ನೀರು ಅಲ್ಲಿಯೇ ನಿಂತು ಚಾಡಿ ಹೇಳುತ್ತದೆ. ಅಪ್ಪನ ಹತ್ತಿರ ಬೇರೆ ರಸಮಟ್ಟ ಇರಲಿಲ್ಲ, ನೀರೇ ರಸಮಟ್ಟ.

ಅಮೆರಿಕದ ಯೂಟಾ ರಾಜ್ಯದ ಬೊನೆವಿಲ್ ಬಯಲಿನಲ್ಲಿ ಈ ತುಳಿಯುವ ಕೆಲಸವನ್ನೂ ನೀರೇ ಮಾಡುತ್ತದೆ. ಹಿಂದೆ ಅಲ್ಲಿ ದೊಡ್ಡ ಸರೋವರ ಇತ್ತು. ಅದು ಒಣಗಿ ಉಳಿದದ್ದು ಈ ಉಪ್ಪು. ಚಳಿಗಾಲದಲ್ಲಿ ಮೇಲೆ ತೆಳ್ಳಗೆ ನೀರು ನಿಲ್ಲುತ್ತದೆ. ಗಾಳಿ ಅದನ್ನು ಆಚೆಗೂ ಈಚೆಗೂ ತಳ್ಳುತ್ತದೆ. ಬೇಸಿಗೆಗೆ ನೀರು ಆರಿ ಉಪ್ಪು ಗಟ್ಟಿಯಾದಾಗ ನೆಲ ಹಲಗೆ ಹಾಸಿದ ಹಾಗಿರುತ್ತದೆ. ಆಮೇಲೆ ಓಟದವರು ಭಾರದ ಕಬ್ಬಿಣ ಎಳೆದು ಉಳಿದ ಏರುತಗ್ಗು ತೆಗೆಯುತ್ತಾರೆ, ಅಷ್ಟೇ.

ದೊಡ್ಡ ದಾಖಲೆಗೆ ಹದಿನೈದು ಹದಿನಾರು ಕಿಲೋಮೀಟರ್ ನೆಟ್ಟಗಿನ ಜಾಗ ಬೇಕು. ಅಳೆಯುವುದು ನಡುವಿನ ಒಂದು ಮೈಲಿ ಅಥವಾ ಒಂದು ಕಿಲೋಮೀಟರ್ ಮಾತ್ರ. ಉಳಿದದ್ದೆಲ್ಲ ವೇಗ ಏರಿಸಲು, ಇಳಿಸಲು. ಅಷ್ಟು ಉದ್ದದ ಟಾರು ರಸ್ತೆ ಯಾರು ಬಿಟ್ಟುಕೊಡುತ್ತಾರೆ? ಕೊಟ್ಟರೂ, ಮಳೆನೀರು ಹರಿದು ಹೋಗಲಿ ಅಂತ ರಸ್ತೆಯ ನಡು ಉಬ್ಬಿಸಿರುತ್ತಾರೆ. ಬಿಸಿಲಿಗೆ ಟಾರು ಕಾಯುತ್ತದೆ, ಟೈರು ಅದಕ್ಕಿಂತ ಜಾಸ್ತಿ ಕಾಯುತ್ತದೆ. ಉಪ್ಪು ಒಳಗೆ ತೇವ ಹಿಡಿದುಕೊಂಡಿರುತ್ತದೆ, ಟೈರನ್ನು ತಣ್ಣಗೆ ಇಡುತ್ತದೆ.

ಮೊದಲು ಸಮುದ್ರದ ದಂಡೆಯ ಮೇಲೆ ಓಡಿಸುತ್ತಿದ್ದರು. 1935ರ ಮಾರ್ಚಿನಲ್ಲಿ ಇಂಗ್ಲೆಂಡಿನ ಮಾಲ್ಕಮ್ ಕ್ಯಾಂಪ್‌ಬೆಲ್ ಫ್ಲಾರಿಡಾದ ಡೇಟೋನಾ ಮರಳಿನ ಮೇಲೆ ಗಂಟೆಗೆ 445 ಕಿಲೋಮೀಟರ್ ಮುಟ್ಟಿದರು. ಅಲೆ ಇಳಿದ ಮೇಲೆ ಮರಳು ಹೇಗಿರುತ್ತದೋ ಹೇಳಲಾಗದು, ಮುರ್ಡೇಶ್ವರ ನೋಡಿದವರಿಗೆ ಗೊತ್ತು. ಅದೇ ಸೆಪ್ಟೆಂಬರಿನಲ್ಲಿ ಅವರು ಬೊನೆವಿಲ್‌ಗೆ ಹೋದರು. 484 ಬಂತು. ಗಂಟೆಗೆ 300 ಮೈಲಿ ದಾಟಿದ ಮೊದಲ ಕಾರು ಅದು. ಆರು ತಿಂಗಳಲ್ಲಿ ಬದಲಾದದ್ದು ಮುಖ್ಯವಾಗಿ ನೆಲ.

ಇನ್ನು ಜಾರುವ ಮಾತು. ಗಾಲಿ ತಿರುಗಿದಷ್ಟು ಗಾಡಿ ಮುಂದೆ ಹೋಗುವುದಿಲ್ಲ, ಒಂದಿಷ್ಟು ಸುಮ್ನೆ ಉಜ್ಜಿ ಹೋಗುತ್ತದೆ. ಹಾಗಾಗಿ ಎಷ್ಟೋ ಮಂದಿ ಗಾಡಿಯೊಳಗೆ ಸೀಸದ ಗಟ್ಟಿ ಇಟ್ಟು ಭಾರ ಹೆಚ್ಚಿಸುತ್ತಾರೆ. ಬೇರೆ ರೇಸಿನಲ್ಲಿ ಗ್ರಾಂ ಲೆಕ್ಕದಲ್ಲಿ ಭಾರ ಇಳಿಸುತ್ತಾರೆ, ಇಲ್ಲಿ ಹೇರುತ್ತಾರೆ. ಮಗನಿಗೆ ಇದನ್ನು ಕೇಳಿ, ಅವನಿಗೆ ಗೊತ್ತಿದೆಯಾ ನೋಡಿ.

ಆದರೆ ಅವನು ಬೈಕು ತೆಗೆದುಕೊಂಡು ನಿಮ್ಮ ಮಿಠಾಗರ್ ರೋಡಿನ ಉಪ್ಪಿನ ಆಗರಗಳ ಕಡೆ ಹೋಗದಂತೆ ನೋಡಿಕೊಳ್ಳಿ. 1979ರ ಮೇ ತಿಂಗಳು, ಭಾನುವಾರ. ನಾನು ಮುಂಬಯಿಗೆ ಬಂದು ಎರಡು ವರ್ಷ. ಗೆಳೆಯನ ಯೆಜ್ಡಿ ಬೈಕು, ನಮ್ಮ ಮೈಸೂರಿನಲ್ಲೇ ತಯಾರಾದದ್ದು, ಕೈಗೆ ಸಿಕ್ಕಿತ್ತು. ಭಾಂಡುಪಿನ ಒಂದು ಒಣಗಿದ ಆಗರದಲ್ಲಿ ಬಿಳೀ ಪದರ ಕಾಣಿಸಿತು. ಆಗರದ ಮಗ ನಾನು, ನನಗೆ ತಿಳಿಯದ ಉಪ್ಪೇ ಅಂದುಕೊಂಡೆ. ಮೂರನೇ ಗೇರಿಗೆ ಹಾಕುವಷ್ಟರಲ್ಲಿ ಹಪ್ಪಳ ಮುರಿದ ಸದ್ದು ಕೇಳಿಸಿತು. ಮುಂದಿನ ಗಾಲಿ ನಡುತನಕ ಕಪ್ಪು ಕೆಸರಿನಲ್ಲಿ. ನಾನು ಹ್ಯಾಂಡಲ್ ದಾಟಿ ಆಚೆ. ಕಾವಲಿನ ಮುದುಕ ಮರಾಠಿಯಲ್ಲಿ ಬೈಯುತ್ತಲೇ ಹಲಗೆ ತಂದು ಹಾಕಿದ. ಗಾಡಿ ಎಳೆಯಲು ನಾಲ್ಕು ಜನ ಬೇಕಾಯಿತು.

ಬೊನೆವಿಲ್‌ನಲ್ಲೂ ಉಪ್ಪಿನ ಕೆಳಗೆ ಇರುವುದು ಕೆಸರೇ. ಉಪ್ಪಿನ ಪದರ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆ. ಪಕ್ಕದಲ್ಲಿ ಪೊಟ್ಯಾಶ್ ತೆಗೆಯಲು ಉಪ್ಪುನೀರು ಸೆಳೆದದ್ದೇ ಇದಕ್ಕೆ ಕಾರಣ ಅಂತ ಓಟದವರು ದೂರುತ್ತಾರೆ. ಅಲ್ಲಿ ಪ್ರತಿ ಆಗಸ್ಟಿನಲ್ಲಿ ನಡೆಯುವ ಸ್ಪೀಡ್ ವೀಕ್ ಅನ್ನುವ ಓಟದ ವಾರ 2014, 2015 ಮತ್ತು 2022ರಲ್ಲಿ ನಡೆಯಲೇ ಇಲ್ಲ. ಮಳೆನೀರು ನಿಂತಿತ್ತು, ಇಲ್ಲವೇ ನೆಲ ಕೆಸರಾಗಿತ್ತು.

ಪ್ರಶ್ನೆ: ಎಕ್ಸ್‌ಪ್ರೆಸ್‌ವೇನಲ್ಲಿ ನನ್ನ ಹೊಸ ಕಾರನ್ನು 160ಕ್ಕೆ ಮುಟ್ಟಿಸಿದ್ದೇನೆ, ಮೀಟರಿನ ಫೋಟೋ ಇದೆ. ವೇಗದ ದಾಖಲೆಗೂ ಹೀಗೆ ಒಂದು ಸಲ ಮುಟ್ಟಿಸಿದರೆ ಸಾಕಲ್ಲವೇ?
— ಓದುಗ, ಪನ್ವೇಲ್

ಉತ್ತರ: ಸಾಲದು ತಮ್ಮಾ. ಮೊದಲನೆಯದಾಗಿ ಆ ಮುಂಬಯಿ-ಪುಣೆ ದಾರಿಯಲ್ಲಿ ಕಾರಿನ ಮಿತಿ ಗಂಟೆಗೆ 100 ಕಿಲೋಮೀಟರ್. ಘಾಟಿನಲ್ಲಿ ಅದಕ್ಕೂ ಕಡಿಮೆ. ಆ ಫೋಟೋ ಯಾರಿಗೂ ತೋರಿಸಬೇಡ, ನಿನ್ನ ಮೇಲೇ ಸಾಕ್ಷಿ ಆಗುತ್ತದೆ.

ಎರಡನೆಯದಾಗಿ, ಗಾಡಿಯ ಮೀಟರನ್ನು ಯಾರೂ ನಂಬುವುದಿಲ್ಲ. ಗಾಲಿ ಸುಮ್ನೆ ತಿರುಗಿದರೂ ಮುಳ್ಳು ಏರುತ್ತದೆ. ಒಂದು ಮೈಲಿಯ ಆ ತುದಿಗೂ ಈ ತುದಿಗೂ ಗಡಿಯಾರ ಕೂರಿಸಿ ಅಳೆಯುತ್ತಾರೆ. ಹೋದದ್ದಲ್ಲದೆ ಅದೇ ದಾರಿಯಲ್ಲಿ ವಾಪಸ್ ಬರಬೇಕು, ಅದೂ ಒಂದು ಗಂಟೆಯೊಳಗೆ. ಎರಡರ ಸರಾಸರಿಯೇ ದಾಖಲೆ. ಬೆನ್ನಿಗೆ ಗಾಳಿ ಬಂದು ಸಿಕ್ಕ ಲಾಭ ವಾಪಸ್ ಬರುವಾಗ ಎದೆಗೆ ಬಡಿಯುತ್ತದೆ, ಲೆಕ್ಕ ಚುಕ್ತಾ.

ಆ ಒಂದು ಗಂಟೆ ಇದೆಯಲ್ಲ, ನನ್ನಂಥ ಗ್ಯಾರೇಜಿನವನಿಗೆ ನಿಜವಾದ ರೇಸು ಅದೇ. ಗಾಡಿ ತಿರುಗಿಸಬೇಕು, ಇಂಧನ ತುಂಬಬೇಕು, ಪ್ಯಾರಾಚೂಟ್ ಹೊಸದಾಗಿ ಕೂರಿಸಬೇಕು, ಒಂದೊಂದು ಬೋಲ್ಟೂ ಮುಟ್ಟಿ ನೋಡಬೇಕು. 1997ರ ಅಕ್ಟೋಬರ್ 13ರಂದು ಥ್ರಸ್ಟ್ ಎಸ್‌ಎಸ್‌ಸಿ ಅನ್ನುವ ಜೆಟ್ ಕಾರು ಎರಡೂ ದಿಕ್ಕಿನಲ್ಲಿ ಸದ್ದಿನ ವೇಗ ದಾಟಿತು. ವಾಪಸ್ ಓಟ ಸುಮಾರು ಒಂದು ನಿಮಿಷ ತಡ. ದಾಖಲೆ ಇಲ್ಲ! ಬೇರೆಯವರಾಗಿದ್ದರೆ ಸ್ಪ್ಯಾನರ್ ಎಸೆದು ಮನೆಗೆ ಹೋಗುತ್ತಿದ್ದರು. ಅವರು ಒಂದು ದಿನ ಬಿಟ್ಟು, 15ರಂದು ಮತ್ತೆ ಓಡಿಸಿದರು. ಗಂಟೆಗೆ 1,227.985 ಕಿಲೋಮೀಟರ್. ಓಡಿಸಿದವರು ಬ್ರಿಟನ್ ವಾಯುಪಡೆಯ ಪೈಲಟ್ ಆ್ಯಂಡಿ ಗ್ರೀನ್. ನಮ್ಮ ಹನ್ನೆರಡು ಡಬ್ಬಿಯ ಲೋಕಲ್ ರೈಲು ಸುಮಾರು ಕಾಲು ಕಿಲೋಮೀಟರ್ ಉದ್ದ. ಆ ಕಾರು ಒಂದೇ ಸೆಕೆಂಡಿನಲ್ಲಿ ಅದನ್ನು ತಲೆಯಿಂದ ಬಾಲದವರೆಗೆ ದಾಟಿ ಇನ್ನೂ ಮುಂದೆ ಇರುತ್ತದೆ.

ಆದರೆ ಅದು ಉಪ್ಪಲ್ಲ. ನೆವಾಡಾದ ಬ್ಲ್ಯಾಕ್ ರಾಕ್, ಒಣಗಿದ ಕೆಸರಿನ ಬಯಲು. ಉಪ್ಪಿನ ಮೇಲೆ ಜಗತ್ತಿನ ಅತಿ ದೊಡ್ಡ ವೇಗ ದಾಖಲಾದದ್ದು 1970ರ ಅಕ್ಟೋಬರ್ 23ರಂದೇ ಕೊನೆ. ಗ್ಯಾರಿ ಗೇಬಲಿಚ್, ಬ್ಲೂ ಫ್ಲೇಮ್ ಅನ್ನುವ ರಾಕೆಟ್ ಕಾರು, ಒಂದು ಮೈಲಿ ದೂರದ ಮೇಲೆ ಅಳೆದಾಗ ಗಂಟೆಗೆ 1,001 ಕಿಲೋಮೀಟರ್.

ಪ್ರಶ್ನೆ: ಉಪ್ಪಿನ ಬಯಲಿನಲ್ಲಿ ಹಳೇ ಮೋಟಾರ್ ಸೈಕಲ್ ಮೇಲೆ ಒಬ್ಬ ಮುದುಕ ದಾಖಲೆ ಮಾಡಿದನಂತೆ, ಅದು ಇಂಡಿಯನ್ ಅಂತ ಮೊಮ್ಮಗಳು ಹೇಳಿದಳು. ಹೆಮ್ಮೆ ಆಯಿತು. ಆತ ಯಾವ ಊರಿನವರು? ಕನ್ನಡದವರೇನಾದರೂ?
— ನಿವೃತ್ತ ಶಿಕ್ಷಕ, ಡೊಂಬಿವಲಿ

ಉತ್ತರ: ಮಾಸ್ತರರೇ, ನಿಮ್ಮ ಹೆಮ್ಮೆಗೆ ತಣ್ಣೀರು ಎರಚಬೇಕಾಗಿದೆ, ಕ್ಷಮಿಸಿ. ಇಂಡಿಯನ್ ಅನ್ನುವುದು ಗಾಡಿಯ ಹೆಸರು, ಅಮೆರಿಕದ ಕಂಪನಿ. ಓಡಿಸಿದ ಬರ್ಟ್ ಮನ್ರೋ ನ್ಯೂಜಿಲೆಂಡಿನವರು, ಇನ್ವರ್‌ಕಾರ್ಗಿಲ್ ಅನ್ನುವ ಊರು. ಆದರೂ ಅವರ ಬಗ್ಗೆ ಬರೆಯಲು ನನಗೆ ಒಂದು ನೆಪ ಸಿಕ್ಕಿತು.

ಗಾಡಿ 1920ರ ಇಂಡಿಯನ್ ಸ್ಕೌಟ್, 600 ಸಿಸಿ. ಹೊಸದಿದ್ದಾಗ ಅದರ ವೇಗ ಗಂಟೆಗೆ ಸುಮಾರು 88 ಕಿಲೋಮೀಟರ್. ಮನ್ರೋ ನಲವತ್ತು ವರ್ಷ ಅದೊಂದನ್ನೇ ಬಿಚ್ಚಿದರು, ಜೋಡಿಸಿದರು. ದುಡ್ಡಿರಲಿಲ್ಲ. ಹಳೇ ಡಬ್ಬಿಗಳನ್ನೇ ಅಚ್ಚು ಮಾಡಿ ಪಿಸ್ಟನ್ ಎರಕ ಹೊಯ್ದರು. ಟ್ರ್ಯಾಕ್ಟರಿನ ಹಳೇ ಆ್ಯಕ್ಸಲ್ ಕಡಿದು ಕನೆಕ್ಟಿಂಗ್ ರಾಡ್ ಮಾಡಿದರು. ಕುರ್ಲಾದಲ್ಲಿ ಮೂವತ್ತನಾಲ್ಕು ವರ್ಷ ಲೇತಿನ ಮುಂದೆ ನಿಂತವನಾಗಿ ಹೇಳುತ್ತೇನೆ: ಪಿಸ್ಟನ್ ಹೇಗೋ ಆದೀತು, ಆ್ಯಕ್ಸಲಿನ ಉಕ್ಕಿನಿಂದ ರಾಡ್ ಕೈಯಲ್ಲಿ ತೆಗೆಯುವುದು ಹುಡುಗಾಟವಲ್ಲ. ಒಂದು ಅಂಚು ಚೂಪಾಗಿ ಉಳಿದರೆ ಬಿರುಕು ಅಲ್ಲಿಂದಲೇ ಶುರು. ಅರದಿಂದ ಉಜ್ಜಬೇಕು, ಬೆರಳಲ್ಲಿ ಸವರಿ ನೋಡಬೇಕು, ಮತ್ತೆ ಉಜ್ಜಬೇಕು. ಒಡೆದ ಭಾಗಗಳನ್ನು ಅವರು ಎಸೆಯಲಿಲ್ಲ. ವೇಗದ ದೇವರಿಗೆ ಕಾಣಿಕೆ ಅಂತ ಬರೆದು ಶೆಲ್ಫಿನಲ್ಲಿ ಸಾಲಾಗಿ ಇಟ್ಟಿದ್ದರು. ನಮ್ಮ ವರ್ಕ್‌ಶಾಪಿನಲ್ಲೂ ಅಂಥದೊಂದು ಮೂಲೆ ಇತ್ತು, ಆದರೆ ಅದನ್ನು ಸೇಠರಿಂದ ಮುಚ್ಚಿಡುತ್ತಿದ್ದೆವು.

1967ರಲ್ಲಿ, 68ನೇ ವಯಸ್ಸಿನಲ್ಲಿ, ಎಂಜಿನ್ ಸುಮಾರು 950 ಸಿಸಿಗೆ ಬೆಳೆದಿದ್ದಾಗ, ಬೊನೆವಿಲ್‌ನಲ್ಲಿ ತಮ್ಮ ವರ್ಗದ ದಾಖಲೆ ಮಾಡಿದರು. ಆಗ ಬರೆದುಕೊಂಡದ್ದು ಗಂಟೆಗೆ 183.586 ಮೈಲಿ. ಅವರು ತೀರಿಕೊಂಡದ್ದು 1978ರಲ್ಲಿ. 2014ರಲ್ಲಿ ಮಗ ಹಳೇ ಲೆಕ್ಕ ನೋಡುವಾಗ ಎರಡು ಓಟದ ಸರಾಸರಿ ತಪ್ಪಾಗಿದೆ ಅಂತ ಕಂಡಿತು. ದಾಖಲೆ ಬರೆದುಕೊಳ್ಳುವ ಸಂಸ್ಥೆಯವರು ಒಪ್ಪಿ 184.087 ಅಂತ ತಿದ್ದಿದರು, ಅಂದರೆ 296 ಕಿಲೋಮೀಟರ್. ಲೆಕ್ಕದ ಮಾಸ್ತರಾಗಿದ್ದರೆ ನೀವು ಖುಷಿಪಡುತ್ತೀರಿ.

ಮೊಮ್ಮಗಳಿಗೆ ಇನ್ನೊಂದು ಹೇಳಿ. 2018ರಲ್ಲಿ ಬೊನೆವಿಲ್‌ನಲ್ಲಿ ನಮ್ಮ ರಾಯಲ್ ಎನ್‌ಫೀಲ್ಡ್‌ನ 650 ಟ್ವಿನ್ ಗಂಟೆಗೆ 150 ಮೈಲಿ ದಾಟಿತು. ಓಡಿಸಿದ್ದು 18 ವರ್ಷದ ಅಮೆರಿಕದ ಹುಡುಗಿ. ಹೆಮ್ಮೆಯನ್ನು ಅಲ್ಲಿ ಖರ್ಚು ಮಾಡಬಹುದು.

ಪ್ರಶ್ನೆ: ಅಷ್ಟು ವೇಗದಲ್ಲಿ ಬ್ರೇಕ್ ಹಾಕಿದರೆ ನಿಲ್ಲುತ್ತದಾ ಕಾಕಾ?
— ಏಳನೇ ತರಗತಿ ವಿದ್ಯಾರ್ಥಿನಿ, ಪುಣೆ

ಉತ್ತರ: ಇಲ್ಲ ಪುಟ್ಟಿ, ಬ್ರೇಕ್ ಸುಟ್ಟು ಹೋಗುತ್ತದೆ. ಹಿಂದಿನಿಂದ ಪ್ಯಾರಾಚೂಟ್ ಬಿಡುತ್ತಾರೆ. ಅದು ಗಾಳಿ ತುಂಬಿಕೊಂಡು ಎಳೆದು ಹಿಡಿಯುತ್ತದೆ. ವೇಗ ಸಾಕಷ್ಟು ಇಳಿದ ಮೇಲೆ ಬ್ರೇಕ್.

ಪ್ಯಾರಾಚೂಟ್ ಕೈಕೊಟ್ಟರೆ? 1964ರ ಅಕ್ಟೋಬರಿನಲ್ಲಿ ಕ್ರೇಗ್ ಬ್ರೀಡ್‌ಲವ್ ಅನ್ನುವವರಿಗೆ ಹಾಗೆಯೇ ಆಯಿತು. ಅವರದು ಮೂರು ಗಾಲಿಯ ಜೆಟ್ ಗಾಡಿ. ಎರಡು ಪ್ಯಾರಾಚೂಟೂ ಹೋದವು, ಬ್ರೇಕೂ ಹೋಯಿತು. ಗಾಡಿ ಉಪ್ಪು ಬಿಟ್ಟು ಓಡಿ, ಟೆಲಿಫೋನ್ ಕಂಬ ಮುರಿದು, ಒಂದು ಏರಿ ಹಾರಿ, ಉಪ್ಪುನೀರಿನ ಹೊಂಡದಲ್ಲಿ ಮೂತಿ ಮುಳುಗಿಸಿ ನಿಂತಿತು. ಆತ ಈಜಿ ದಡಕ್ಕೆ ಬಂದರು. ಓಡಿ ಬಂದವರಿಗೆ, ಮುಂದಿನ ಆಟದಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡು ತೋರಿಸುತ್ತೇನೆ ಅಂದರಂತೆ! ತಮಾಷೆ ಏನೆಂದರೆ, ಅಳೆಯುವ ಮೈಲಿ ಅಷ್ಟರಲ್ಲಿ ದಾಟಿಯಾಗಿತ್ತು. ಗಾಡಿ ನೀರಿನಲ್ಲಿ, ದಾಖಲೆ ಕೈಯಲ್ಲಿ: ಗಂಟೆಗೆ 846 ಕಿಲೋಮೀಟರ್. ಮಾರನೇ ವರ್ಷ ಹೊಸ ಗಾಡಿ ಕಟ್ಟಿ 966 ಮಾಡಿದರು.

ಪ್ರಶ್ನೆ: ನಮ್ಮ ಕಚ್ಛದ ಬಿಳೀ ರಣ್ ಇದೆಯಲ್ಲ, ಅಲ್ಲಿ ಯಾಕೆ ಇಂಥ ಓಟ ಇಲ್ಲ?
— ಓದುಗ, ಠಾಣೆ

ಉತ್ತರ: ಕಳೆದ ಜನವರಿಯಲ್ಲಿ ಮಗಳು ಕರೆದುಕೊಂಡು ಹೋಗಿದ್ದಳು. ಎಲ್ಲರೂ ಫೋಟೋ ತೆಗೆಯುತ್ತಿದ್ದರು, ನಾನು ಚಪ್ಪಲಿ ಬಿಟ್ಟು ಹಿಮ್ಮಡಿಯಿಂದ ಒತ್ತಿ ನೋಡಿದೆ. ನಾಲ್ಕು ಒತ್ತಿಗೆ ನೀರು ಒಸರಿತು. ಭಾಂಡುಪಿನ ಯೆಜ್ಡಿ ಕಣ್ಣ ಮುಂದೆ ಬಂತು. ಮಳೆಗಾಲದಲ್ಲಿ ರಣ್ ಪೂರ್ತಿ ನೀರು. ಆರಿದ ಮೇಲೂ ಕೆಳಗೆ ತೇವ. ಮೇಲಾಗಿ ಗಡಿ ಹತ್ತಿರ, ಗಡಿ ಭದ್ರತಾ ಪಡೆಯ ಕಾವಲು. ಒಂಟೆಗಾಡಿ ಸವಾರಿ ಮಾಡಿ, ಚಂದ ಇದೆ.

ಪ್ರಶ್ನೆ: ಮನೆ ಸಮುದ್ರದ ಹತ್ತಿರ. ಬೈಕು ಕೊಂಡು ಎರಡು ವರ್ಷ ಆಗಿಲ್ಲ, ರಿಮ್ಮು, ಚೈನು, ಸೈಲೆನ್ಸರ್ ಎಲ್ಲ ತುಕ್ಕು. ಏನು ಮಾಡಲಿ?
— ಓದುಗ, ವಾಸ್ಕೋ, ಗೋವಾ

ಉತ್ತರ: ಬೊನೆವಿಲ್‌ಗೆ ಹೋದವರೂ ಇದನ್ನೇ ಅನುಭವಿಸುತ್ತಾರೆ. ಉಪ್ಪು ಗಾಡಿಯ ಹೊಟ್ಟೆಗೆ ಹಸಿ ಗಾರೆಯ ಹಾಗೆ ಅಂಟಿ, ಒಣಗಿದ ಮೇಲೆ ಕಲ್ಲಾಗುತ್ತದೆ. ಉಪ್ಪು ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಹಾಗಾಗಿ ಕಬ್ಬಿಣ ಒಣಗುವುದೇ ಇಲ್ಲ. ನನ್ನ ಗೆಳೆಯನ ಯೆಜ್ಡಿಯನ್ನು ಆ ಭಾನುವಾರ ನಾನು ಮೇಲಿಂದ ಮಾತ್ರ ತೊಳೆದು, ಟ್ಯಾಂಕ್ ಒರೆಸಿ ಪಳಪಳ ಮಾಡಿ ಕೊಟ್ಟಿದ್ದೆ. ತಿಂಗಳಲ್ಲಿ ಚೈನು ಕೋಲಿನ ಹಾಗೆ ಸೆಟೆದುಕೊಂಡಿತು. ಮಡ್‌ಗಾರ್ಡ್ ಒಳಗಿನಿಂದ ತೂತು.

ನೀನು ಹಾಗೆ ಮಾಡಬೇಡ. ವಾರಕ್ಕೊಮ್ಮೆ ಸಿಹಿನೀರು, ಬೋರ್‌ವೆಲ್ಲಿನ ಸವಳು ನೀರಲ್ಲ. ಮೊದಲು ಮಡ್‌ಗಾರ್ಡಿನ ಒಳಗೆ, ಎಂಜಿನ್ ಕೆಳಗೆ, ಸ್ಟ್ಯಾಂಡಿನ ಸಂದಿಗೆ ಪೈಪು ಹಿಡಿ. ಟ್ಯಾಂಕ್ ಕೊನೆಗೆ. ಬಿಸಿಲಲ್ಲಿ ಪೂರ್ತಿ ಆರಲಿ. ಆಮೇಲೆ ಚೈನಿಗೆ ಎಣ್ಣೆ. ರಿಮ್ಮಿನ ತುಕ್ಕು ಉಜ್ಜಿ ತೆಗೆದು, ತೆಳ್ಳಗೆ ಗ್ರೀಸ್ ಸವರಿ ಬಟ್ಟೆಯಲ್ಲಿ ಒರೆಸು, ಡಿಸ್ಕಿಗೂ ಬ್ರೇಕ್ ಶೂಗೂ ತಾಗದ ಹಾಗೆ. ಒದ್ದೆ ಗಾಡಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಬೇಡ. ಸೈಲೆನ್ಸರ್ ತೂತಾಗಿದ್ದರೆ ಅದು ಹೋಯಿತು, ಬದಲಾಯಿಸು.