ಬೆಳಕು ಬರುವ ಮೊದಲೇ ಮುಚ್ಚಿಕೊಳ್ಳುವ ಗೇಟು

ಪ್ರಶ್ನೆ: ಮುರಕಲ್ಲಿನ ಚೂರಿಗೆ 532 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಬಡಿಸಿ, ಏಳುವ ಪ್ಲಾಸ್ಮಾದ ರೋಹಿತ ತೆಗೆಯುತ್ತಿದ್ದೇನೆ. ಲೇಸರಿನ ‘ಲ್ಯಾಂಪ್ ಸಿಂಕ್’ನಿಂದ (ಲ್ಯಾಂಪ್ ಹೊತ್ತುವಾಗ ಹೊರಡುವ ಸಂಕೇತ) ಐಸಿಸಿಡಿ ಕ್ಯಾಮೆರಾಕ್ಕೆ (ಕ್ಷಣಮಾತ್ರ ತೆರೆದು ಮುಚ್ಚಬಲ್ಲ ಕ್ಯಾಮೆರಾ) ಟ್ರಿಗರ್ ಕೊಟ್ಟಿದ್ದೇನೆ. ಡಿಲೇ (ತೆರೆಯುವ ಮೊದಲು ಕಾಯುವ ಹೊತ್ತು) 1, ಗೇಟ್ (ತೆರೆದಿರುವ ಹೊತ್ತು) 5 ಮೈಕ್ರೋಸೆಕೆಂಡ್ ಇಟ್ಟರೆ ಬರೀ ಕತ್ತಲೆ. ಗೇಟನ್ನು 500ಕ್ಕೆ ಏರಿಸಿದರೆ ರೇಖೆಗಳು ಬರುತ್ತವೆ, ಆದರೆ ಬಿಳಿ ಹಿನ್ನೆಲೆಯಲ್ಲಿ ಮುಳುಗಿರುತ್ತವೆ. ಕ್ಯಾಮೆರಾ ಕೆಟ್ಟಿದೆಯೇ?
— ಸಂಶೋಧನಾ ವಿದ್ಯಾರ್ಥಿನಿ, ಕೊಣಾಜೆ

ಉತ್ತರ: ಕ್ಯಾಮೆರಾ ಸರಿಯಾಗಿಯೇ ಇದೆ. ಲ್ಯಾಂಪ್ ಹೊತ್ತಿದ ಕೂಡಲೇ ಲೇಸರ್ ಹೊಡೆಯುವುದಿಲ್ಲ. ಲೇಸರಿನೊಳಗಿನ ಹರಳುಕಡ್ಡಿಯಾದ ರಾಡಿನಲ್ಲಿ ಶಕ್ತಿ ತುಂಬಿದ ಮೇಲೆ, ಸಾಮಾನ್ಯವಾಗಿ 200 ಮೈಕ್ರೋಸೆಕೆಂಡಿನ ಆಸುಪಾಸಿನಲ್ಲಿ, ಕ್ಯೂ-ಸ್ವಿಚ್ (ಲೇಸರ್ ಪಲ್ಸನ್ನು ಹೊರಬಿಡುವ ಬಾಗಿಲು) ತೆರೆಯುತ್ತದೆ. ನಿಮ್ಮ ಗೇಟು ಅಷ್ಟರೊಳಗೆ ತೆರೆದು ಮುಚ್ಚಿಯೂ ಆಗಿರುತ್ತದೆ. 500 ಇಟ್ಟಾಗ ಪ್ಲಾಸ್ಮಾದ ಮೊದಲ ಕ್ಷಣದ ಬಿಳಿ ಬೆಳಕೂ ಸೇರಿ ಎಲ್ಲವೂ ಒಳಗೆ ಬರುತ್ತದೆ. ಟ್ರಿಗರನ್ನು ಕ್ಯೂ-ಸ್ವಿಚ್ ಸಿಂಕ್‌ಗೆ ಬದಲಿಸಿ.

ಆಮೇಲೆ ‘ಸೊನ್ನೆ’, ಅಂದರೆ ಲೇಸರ್ ಮಾದರಿಗೆ ಬಡಿಯುವ ಕ್ಷಣಕ್ಕೇ ಗೇಟು ತೆರೆಯುವ ಡಿಲೇ, ಹುಡುಕಬೇಕು. ಪರದೆಯ ಮೇಲಿನ ಡಿಲೇ ಅಂಕಿಯನ್ನು ನಂಬಿ ಕೂರಬೇಡಿ. ಕೇಬಲ್ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ತಿನ್ನುತ್ತದೆ, ಬೆಳಕಿಗೂ ಮೀಟರಿಗೆ 3.3 ಬೇಕು, ಕ್ಯಾಮೆರಾದ ಸರ್ಕೀಟೂ ತನ್ನ ಪಾಲು ಸೇರಿಸುತ್ತದೆ. ಲೇಸರಿನ ಶಕ್ತಿ ತಗ್ಗಿಸಿ, 532 ಮತ್ತು ಅದರ ಮೂಲವಾದ, ಕಣ್ಣಿಗೆ ಕಾಣದ 1064 ನ್ಯಾನೋಮೀಟರ್ ಎರಡನ್ನೂ ತಡೆಯುವ ಕನ್ನಡಕ ಹಾಕಿ, ಮಾದರಿಯ ಜಾಗದಲ್ಲಿ ಮಂಕು ಲೋಹದ ತಗಡು ಇಡಿ. ಚದುರಿದ ಬೆಳಕು ಮಾತ್ರ ವೇಗದ ಫೋಟೊಡಯೋಡಿಗೆ (ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ತಾಗಲಿ. ಡಯೋಡನ್ನು ಆಸಿಲೋಸ್ಕೋಪಿನ ಒಂದನೇ ಚಾನೆಲ್‌ಗೆ, ಕ್ಯಾಮೆರಾದ ಗೇಟ್ ಮಾನಿಟರನ್ನು (ಗೇಟು ತೆರೆದಾಗ ಸಂಕೇತ ಕೊಡುವ ಕಿಂಡಿ) ಎರಡನೆಯದಕ್ಕೆ ಜೋಡಿಸಿ. ಎರಡೂ ಕೇಬಲ್ ಒಂದೇ ಉದ್ದವಿರಲಿ, ಎರಡೂ ಚಾನೆಲ್ 50 ಓಮ್‌ನಲ್ಲಿರಲಿ. 1 ಮೆಗಾಓಮ್‌ನಲ್ಲಿ ಬಿಟ್ಟರೆ 2 ಮೀಟರ್ ಕೇಬಲಿನಲ್ಲಿ 20 ನ್ಯಾನೋಸೆಕೆಂಡಿಗೊಮ್ಮೆ ಮರುದನಿ ಕಾಣುತ್ತದೆ. ಅದನ್ನೇ ಎರಡನೇ ಪಲ್ಸ್ ಎಂದುಕೊಳ್ಳುವವರಿದ್ದಾರೆ. ಎರಡೂ ಸಂಕೇತಗಳ ಏರುವ ಅಂಚು ಒಂದಾಗುವ ಡಿಲೇಯೇ ನಿಮ್ಮ ಸೊನ್ನೆ.

ಅಲ್ಲಿಂದ 200 ನ್ಯಾನೋಸೆಕೆಂಡಿನಿಂದ 3 ಮೈಕ್ರೋಸೆಕೆಂಡಿನವರೆಗೆ ಡಿಲೇ ಸರಿಸುತ್ತ, ಕಬ್ಬಿಣದ 438.35 ನ್ಯಾನೋಮೀಟರ್ ರೇಖೆ ಹಿನ್ನೆಲೆಗಿಂತ ಎಷ್ಟು ಪಟ್ಟು ಎತ್ತರವೆಂದು ಬರೆದಿಡಿ. ರೇಖೆಯ ಎತ್ತರವೊಂದನ್ನೇ ನೋಡಿದರೆ ಮೋಸಹೋಗುತ್ತೀರಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಕ್ಯಾಮೆರಾ ನಿಧಾನವೆಂದು ಲ್ಯಾಂಪನ್ನು 10 ಹರ್ಟ್ಸ್‌ನಿಂದ 1ಕ್ಕೆ ಇಳಿಸಬೇಡಿ. ರಾಡಿನ ಬಿಸಿ ಬದಲಾಗಿ ಕಿರಣದ ಹರವೇ ಬದಲಾಗುತ್ತದೆ. ಲ್ಯಾಂಪ್ ಹತ್ತರಲ್ಲೇ ಓಡಲಿ, ಬೇಕಾದಾಗ ಮಾತ್ರ ಕ್ಯೂ-ಸ್ವಿಚ್ ತೆರೆಯಿರಿ.

ಪ್ರಶ್ನೆ: ಮಳೆಗಾಲ ಬಂತೆಂದರೆ ನಮ್ಮ ಟ್ರಿಗರ್ ನಡುನಡುವೆ ತಪ್ಪುತ್ತದೆ, ಕ್ಯಾಮೆರಾ ತಂಪಾಗಿಸುವ ನೀರಿನ ಪೈಪಿನ ಮೇಲೆ ಹನಿ ಕೂರುತ್ತದೆ.
— ಓದುಗರು, ಮಣಿಪಾಲ

ಉತ್ತರ: ಕೋಣೆ 27 ಡಿಗ್ರಿ, ತೇವಾಂಶ ಶೇ. 85 ಇದ್ದರೆ 24 ಡಿಗ್ರಿಗೆಲ್ಲ ಹನಿ ಕಟ್ಟುತ್ತದೆ. 15 ಡಿಗ್ರಿಯ ನೀರು ಹಾಯಿಸಿದರೆ ಪೈಪು ಬೆವರದೇ ಇರುತ್ತದೆಯೇ? ನೀರನ್ನು 25ರಲ್ಲಿಡಿ. ರಾತ್ರಿ ಎಸಿ ಆರಿಸಿದರೆ ನೀರು ತಂಪಾಗಿಸುವ ಚಿಲ್ಲರನ್ನೂ ಆರಿಸಿ. ಟ್ರಿಗರ್ ತಪ್ಪುತ್ತಿದ್ದರೆ, ಮೊದಲು ಬಿಎನ್‌ಸಿ (ಕೇಬಲ್ ತುದಿಯ ಕನೆಕ್ಟರ್) ಬಿಚ್ಚಿ ನಡುಪಿನ್ನು ನೋಡಿ. ಹಸಿರು ಕಿಲುಬು ಕಂಡರೆ ಉಜ್ಜುತ್ತ ಕೂರದೆ ಕೇಬಲನ್ನೇ ಬದಲಿಸಿ.